ಮೂರು ಸಲ ಆರಿದ ಬತ್ತಿ

ವಸಾಯಿ
12 ಜೂನ್ 1988

ಮಾಂಯ್,

ಎರಡು ವರ್ಷ ಆದ ಮೇಲೆ ಬರೀತಿದ್ದೀನಿ. ಕಾಗದ ಒಡೆಯದೆ ಒಲೆಗೆ ಹಾಕಿಬಿಡ್ತೀರೇನೋ ಅಂತ ಭಯ ಇದೆ. ಹಾಕೋದಾದ್ರೆ ಓದಿ ಹಾಕಿ.

ನಾನು ಇಲ್ಲಿ ಸಿಸ್ಟರುಗಳ ಹಾಸ್ಟೆಲಿನಲ್ಲಿ ಅಡಿಗೆ ಮಾಡ್ಕೊಂಡಿದ್ದೀನಿ. ಬರೋ ಈಸ್ಟರಿಗೆ ಹಾಸ್ಟೆಲ್ ಮುಚ್ಚುತ್ತಾರಂತೆ. ಆಮೇಲೆ ನನ್ನ ಹೊಟ್ಟೆ ನಾನೇ ನೋಡ್ಕೋಬೇಕು. ಇಲ್ಲಿ ಇಗರ್ಜಿಗಳು ಬೇಕಾದಷ್ಟಿವೆ, ಮೇಣದಬತ್ತಿ ಮಾತ್ರ ಎಲ್ಲರೂ ಮುಂಬಯಿಯಿಂದ ತರ್ತಾರೆ. ನಿಮ್ಮ ಮನೇಲಿ ಸೊಸೆಯಾಗಿ ನಾಲ್ಕು ವರ್ಷ ಇದ್ದೆ, ಒಂದು ದಿನವೂ ನಿಮ್ಮ ಮೇಣದ ಕೋಣೆಗೆ ಕಾಲಿಡಲಿಲ್ಲ. ಈಗ ಅದಕ್ಕೆ ಅನುಭವಿಸ್ತಿದ್ದೀನಿ.

ಹಳೇ ತುಂಡುಗಳನ್ನ ಸೇರಿಸಿ ಬಾಣಲೆಯಲ್ಲಿ ಕರಗಿಸಿದೆ. ಹೊಗೆ ಬಂತು. ಕೇಕಿಗೆ ಹಾಕೋ ಕೆಂಪು ಬಣ್ಣ ಹಾಕಿದೆ, ಅದು ಮೇಣದ ಜೊತೆ ಸೇರದೆ ತಳದಲ್ಲಿ ಸೊಳ್ಳೆ ರಕ್ತದ ಹಾಗೆ ಚುಕ್ಕಿಚುಕ್ಕಿಯಾಗಿ ಕೂತಿತು. ಹಚ್ಚಿದರೆ ಚಟಪಟ ಅಂತು, ಆರಿತು. ಸಿಸ್ಟರ್ ಬೆನೆದಿಕ್ತಾ ನೋಡಿ, "ಇದನ್ನ ಸೈತಾನನಿಗೆ ಹಚ್ಚೋಣ, ಅವನೂ ಓಡಿಹೋಗ್ತಾನೆ" ಅಂದ್ರು.

ಎವು ತೀರಿ ತಿಂಗಳಾದ ಪೂಜೆಯ ದಿನ ನೀವು ಅಂದ ಮಾತು ಮರೆತಿದ್ದೀನಿ ಅಂತ ಬರೆದ್ರೆ ಸುಳ್ಳಾಗುತ್ತೆ. ಆದ್ರೂ ಈ ಕೆಲಸ ನಿಮ್ಮಷ್ಟು ಚೆನ್ನಾಗಿ ಬಲ್ಲವರು ನನಗೆ ಬೇರೆ ಯಾರೂ ಗೊತ್ತಿಲ್ಲ. ಎವು ಕರೆದ ಹಾಗೇ ಮಾಂಯ್, ಅಮ್ಮ ಅಂತ ಕರೆಯೋಕೂ ಬೇರೆ ಯಾರೂ ಇಲ್ಲ.

ಅಸುಂತಾ


ದಿವಾಡಿ, ಗೋವಾ
25 ಜೂನ್ 1988

ಅಸುಂತಾ,

ಕಾಗದ ಸೇರಿತು. ಒಲೆಗೆ ಹಾಕಲಿಲ್ಲ. ಮಳೆಗೆ ಒದ್ದೆಯಾಗಿತ್ತು, ಹಾಕಿದ್ರೂ ಉರೀತಿರಲಿಲ್ಲ.

ಎರಡು ವರ್ಷಕ್ಕೆ ಒಂದು ಕಾಗದ, ಅದೂ ಮೇಣದ ಸಲುವಾಗಿ. ಇರಲಿ. ಕೇಳಿದ್ದೀಯ, ಹೇಳ್ತೀನಿ.

ಮೊದಲು ಆ ಬಾಣಲೆ ಎತ್ತಿಡು. ಮೇಣವನ್ನ ನೇರ ಬೆಂಕಿ ಮೇಲೆ ಇಡೋರು ಮನೆ ಸುಡ್ತಾರೆ. ದೊಡ್ಡ ಪಾತ್ರೆಯಲ್ಲಿ ನೀರು, ಅದರೊಳಗೆ ಸಣ್ಣ ಪಾತ್ರೆಯಲ್ಲಿ ಮೇಣ. ಪಕ್ಕದಲ್ಲಿ ಒಂದು ಮುಚ್ಚಳ ಇರಲೇಬೇಕು. ಹೊತ್ತಿಕೊಂಡ್ರೆ ಮುಚ್ಚು, ನೀರು ಮಾತ್ರ ಸುರೀಬೇಡ. ನನ್ನ ಎಡಗೈ ನೋಡಿದ್ದೀಯಲ್ಲ, ಅದು ನೀರು ಸುರಿದ ಕೈ.

ಬಣ್ಣ ಈಗ ಬೇಡ. ನೀರಿನ ಬಣ್ಣ ಮೇಣಕ್ಕೆ ಸೇರಲ್ಲ. ಬೇಕೇ ಬೇಕು ಅಂದ್ರೆ ಬಿಳೀದನ್ನ ಮಾಡಿ ಮುಗಿಸಿ, ಕೊನೆಗೆ ಬಣ್ಣದ ಮೇಣದಲ್ಲಿ ಒಂದೇ ಒಂದು ಮುಳುಗು ಮುಳುಗಿಸು. ಒಳಗೆ ಬಣ್ಣ ಹೋದ್ರೆ ಬತ್ತಿಯ ಉಸಿರು ಕಟ್ಟುತ್ತೆ.

ಬತ್ತಿಗೆ ಹತ್ತಿಯ ನೂಲು ತಗೋ, ನೈಲಾನ್ ಬೆರೆತದ್ದಲ್ಲ. ಒಂದು ಎಳೆ ಸುಟ್ಟು ನೋಡು. ಬೂದಿಯಾದ್ರೆ ಹತ್ತಿ, ಮುದುಡಿ ಗಂಟಾದ್ರೆ ಅಂಗಡಿಯವನ ಮುಖಕ್ಕೆ ಎಸಿ. ಹದಿನೆಂಟು ಎಳೆ ಮೂರು ಪಾಲು ಮಾಡಿ ಜಡೆ ಹೆಣೆ. ಬಿಸಿನೀರಿಗೆ ಉಪ್ಪು ಒಂದು ಚಮಚ, ಬಿಳಿಗಾರ ಎರಡು ಚಮಚ ಹಾಕಿ ಅರ್ಧ ದಿನ ನೆನೆಸು, ಎರಡು ದಿನ ಒಣಗಿಸು, ಆಮೇಲೆ ಕರಗಿದ ಮೇಣದಲ್ಲಿ ಅದ್ದಿ ನೇರ ಎಳೆದಿಡು. ಜಡೆ ಹೆಣೆದ ಬತ್ತಿ ಉರೀತಾ ತಲೆ ಬಾಗಿಸಿ ತನ್ನನ್ನ ತಾನೇ ತಿಂದುಕೊಳ್ಳುತ್ತೆ. ಬರೀ ಹೊಸೆದದ್ದು ನೆಟ್ಟಗೆ ನಿಂತು ಹೊಗೆ ಬಿಡುತ್ತೆ.

ಇಷ್ಟು ಮಾಡಿ ಬರಿ.

ಕ್ವಿತೇರಿನ್ ಫುರ್ತಾದ್


ವಸಾಯಿ
20 ಜುಲೈ 1988

ಮಾಂಯ್,

ನಿಮ್ಮ ಪೂರ್ತಿ ಹೆಸರಿನ ಸಹಿ ನೋಡಿ ಪಂಚಾಯ್ತಿಯಿಂದ ನೋಟೀಸ್ ಬಂತೇನೋ ಅಂದ್ಕೊಂಡೆ. ಆದ್ರೂ ನಾಲ್ಕು ಸಲ ಓದಿದೆ.

ಹೇಳಿದ ಹಾಗೇ ಮಾಡಿದೆ. ಬತ್ತಿ ಚೆನ್ನಾಗಿ ಬಂತು, ಹೊಗೆ ಇಲ್ಲ. ಆದ್ರೆ ಅಚ್ಚಿನಲ್ಲಿ ಮೇಣ ಆರಿದಾಗ ಬತ್ತಿಯ ಸುತ್ತ ಕುಸಿದು ಹಳ್ಳ ಬೀಳುತ್ತೆ. ಬೇಗ ಆರಲಿ ಅಂತ ತಣ್ಣೀರಲ್ಲಿಟ್ಟೆ, ಮೈತುಂಬ ಬಿರುಕು. ಇನ್ನೊಂದು ಕಷ್ಟ: ಆರು ಮೇಣದಬತ್ತಿ ಒಲೆಯ ಮೇಲಿನ ಗೂಡಿನಲ್ಲಿ ನಿಲ್ಲಿಸಿದ್ದೆ. ಮಧ್ಯಾಹ್ನಕ್ಕೆ ಆರೂ ಪೂಜೆಯಲ್ಲಿ ತೂಕಡಿಸೋ ಮುದುಕರ ಹಾಗೆ ಒಂದೇ ಕಡೆ ವಾಲಿದ್ವು.

ನಿಮ್ಮ ಮಂಡಿನೋವು ಹೇಗಿದೆ? ದೋಣಿಕಟ್ಟೆಯ ಮೆಟ್ಟಿಲಲ್ಲಿ ಒಬ್ಬರೇ ಇಳೀಬೇಡಿ, ಮಳೆಗಾಲದಲ್ಲಿ ಪಾಚಿ ಇರುತ್ತೆ.

ಅಸುಂತಾ


ದಿವಾಡಿ
3 ಆಗಸ್ಟ್ 1988

ಅಸುಂತಾ,

ಮಂಡಿ ಇದ್ದಲ್ಲೇ ಇದೆ, ನೋವೂ ಅಲ್ಲೇ ಇದೆ. ಒಬ್ಬಳೇ ಇಳೀಬೇಡ ಅಂತೀಯ, ಜೊತೆಗೆ ಯಾರನ್ನ ಕರಕೊಂಡು ಇಳೀಲಿ, ಬೆಕ್ಕನ್ನಾ?

ಮೇಣ ಆರಿದಾಗ ಕುಗ್ಗುತ್ತೆ, ಅದು ಅದರ ಗುಣ. ಅರ್ಧ ಗಟ್ಟಿಯಾದಾಗ ದಬ್ಬಳದಿಂದ ಬತ್ತಿಯ ಸುತ್ತ ನಾಲ್ಕು ತೂತು ಚುಚ್ಚು, ಉಳಿಸಿಟ್ಟ ಮೇಣವನ್ನ ಇನ್ನೊಂದು ಸಲ ಹೊಯ್ಯಿ. ಅದಕ್ಕೇ ಎಲ್ಲವನ್ನೂ ಮೊದಲೇ ಸುರೀಬಾರದು. ತಣ್ಣೀರು ಬೇಡ, ಫ್ಯಾನ್ ಬೇಡ, ಬಟ್ಟೆ ಹೊದಿಸಿ ನಿಧಾನವಾಗಿ ಆರಲು ಬಿಡು. ಬಾಗದ ಹಾಗೆ ಮೇಣ ಗಟ್ಟಿಯಾಗೋಕೆ ಮುಂಬಯಿ ಅಂಗಡಿಯಲ್ಲಿ ಸ್ಟಿಯರಿನ್ ಪುಡಿ ಅಂತ ಸಿಗುತ್ತೆ, ಹತ್ತು ಪಾಲು ಮೇಣಕ್ಕೆ ಒಂದು ಪಾಲು ಹಾಕು. ಆಮೇಲೆ ಒಂದನ್ನ ತಗಡಿನ ಡಬ್ಬದಲ್ಲಿ ನಿಲ್ಲಿಸಿ ಮಳೆ ಬಿಟ್ಟ ದಿನ ಮಧ್ಯಾಹ್ನ ಹೆಂಚಿನ ಮೇಲಿಡು. ಸಂಜೆಗೆ ನೆಟ್ಟಗಿದ್ರೆ ಅದು ನಮ್ಮ ಕಡೆಯ ಬಿಸಿಲಿಗೆ ಆಯ್ತು.

ಈಗ ಮುಖ್ಯ ಮಾತು. ಮಾಡೋದು ಅರ್ಧ ಕೆಲಸ, ಉರಿಸಿ ನೋಡೋದು ಇನ್ನರ್ಧ. ಒಂದು ಪಾತ್ರೆ ಮೇಣದಿಂದ ಎಷ್ಟೇ ಆಗಲಿ, ಮೊದಲು ಹೊಯ್ದದ್ದು ಒಂದು, ನಡುವಿನದು ಒಂದು, ಕೊನೇದು ಒಂದು ತೆಗೆದಿಡು. ಒಂದು ವಾರ ಮುಟ್ಟಬೇಡ. ಆಮೇಲೆ ಬತ್ತಿಯನ್ನ ಅಕ್ಕಿಕಾಳಿನ ಉದ್ದಕ್ಕೆ ಕತ್ತರಿಸಿ ಹಚ್ಚು. ಮಳೆಗಾಲ, ಕಿಟಕಿ ಬಾಗಿಲು ಮುಚ್ಚು, ಫ್ಯಾನ್ ಆರಿಸು, ಗಡಿಯಾರ ಮುಂದಿಟ್ಟುಕೊಂಡು ಕೂತುಕೋ. ಅರ್ಧ ಗಂಟೆಗೊಂದು ಸಲ ಬರಿ: ಜ್ವಾಲೆ ಎಷ್ಟು ಎತ್ತರ, ಹೊಗೆ ಉಂಟೋ, ಪಕ್ಕಕ್ಕೆ ಸುರೀತೋ, ಎಷ್ಟು ಇಳೀತು. ನಡುವೆ ಮಾತ್ರ ಕರಗಿ ಬಾವಿ ಬಿದ್ದರೆ ಬತ್ತಿ ಸಣ್ಣದಾಯ್ತು ಅಂತ. ಹಾಗೆ ಬಾವಿ ಬೀಳೋದು ತಪ್ಪು. ನಾಲ್ಕು ಗಂಟೆ ಆದ ಮೇಲೆ ಆರಿಸಿ, ಪೂರ್ತಿ ತಣ್ಣಗಾದ ಮೇಲೆ ಮತ್ತೆ ಹಚ್ಚು. ಜನ ಒಂದೇ ಸಲ ಉರಿಸಲ್ಲ, ಆರಿಸಿ ಆರಿಸಿ ಉರಿಸ್ತಾರೆ. ಉರಿಯೋ ಬತ್ತಿ ಬಿಟ್ಟು ಎದ್ದು ಹೋದ್ರೆ ಆ ಲೆಕ್ಕ ಹರಿದು ಹಾಕು.

ಕೂತಲ್ಲಿ ಬೇಜಾರಾಗುತ್ತೆ. ಎವುವಿನ ಅಪ್ಪ ಇದ್ದಾಗ ಅವರೊಂದು ಬತ್ತಿ, ನಾನೊಂದು ಬತ್ತಿ ಹಿಡಿದು ಕೂತು ಇಡೀ ಊರಿನ ಮಾತಾಡ್ತಿದ್ವಿ.

ಕ್ವಿತೇರಿನ್


ವಸಾಯಿ
30 ಆಗಸ್ಟ್ 1988

ಮಾಂಯ್,

ಇಲ್ಲಿಂದ ಪಣಜಿಗೆ ಹೊರಟ ಸಿಸ್ಟರ್ ಕೈಯಲ್ಲಿ ಒಂದು ಡಜನ್ ಮೇಣದಬತ್ತಿ ಕಳಿಸಿದ್ದೀನಿ. ಪರೀಕ್ಷೆಯ ಪುಸ್ತಕದ ಎಂಟು ಹಾಳೆಯೂ ಇದೆ. ತಪ್ಪು ಹುಡುಕಿ, ಬೈದು ಬರೀರಿ. ನೀವು ಬೈಯದಿದ್ರೆ ಏನೋ ಸರಿಯಾಗಿಲ್ಲ ಅನ್ನಿಸುತ್ತೆ.

ಒಂದು ಸುದ್ದಿ. ನವೆಂಬರ್ ಎರಡರ ಸತ್ತವರ ಹಬ್ಬಕ್ಕೆ ಇಲ್ಲಿನ ಸ್ಮಶಾನದ ಗೇಟಿನಲ್ಲಿ ಮಾರೋಕೆ ಮುನ್ನೂರು ಮೇಣದಬತ್ತಿ ಬೇಕು ಅಂತ ಪಾದ್ರಿ ಹೇಳಿದ್ದಾರೆ. ಚೆನ್ನಾಗಿ ಉರಿದ್ರೆ ಕ್ರಿಸ್ಮಸ್ಸಿಗೂ ನನ್ನ ಹತ್ತಿರವೇ ತಗೊಳ್ತಾರಂತೆ. ಕೆಟ್ಟರೆ ಈ ಊರಲ್ಲಿ ಯಾರೂ ಇನ್ನು ನನ್ನ ಮುಖ ನೋಡಲ್ಲ. ತಮ್ಮವರ ಸಮಾಧಿ ಮೇಲೆ ದೀಪ ಆರಿಹೋದ್ರೆ ಜನ ಮರೀತಾರಾ?

ಅಸುಂತಾ


ದಿವಾಡಿ
14 ಸೆಪ್ಟೆಂಬರ್ 1988

ಬಾಯೆ,

ಡಜನ್ ಬಂತು. ಒಂದೂ ಮುರಿದಿಲ್ಲ. ತಟ್ಟಿ ನೋಡಿದೆ, ಒಳ್ಳೇ ಸದ್ದು. ಎರಡನ್ನ ಉರಿಸಿದೆ, ನನ್ನದಕ್ಕಿಂತ ಕಾಲು ಗಂಟೆ ಹೆಚ್ಚೇ ಉರೀತು. ಹೊಟ್ಟೆಕಿಚ್ಚಾಯ್ತು, ಬರೆದುಬಿಡ್ತೀನಿ.

ಪುಸ್ತಕದ ಹಾಳೆಯನ್ನೂ ಓದಿದೆ. ನೀನು ಬೆಳೆದು ಓದಿದ್ದು ನಮ್ಮ ಮಾಪ್ಸೆಯ ಸಿಸ್ಟರುಗಳ ಹತ್ತಿರ. ಗೋವಾದಲ್ಲಿ ಕಲಿತ ನಾವೆಲ್ಲ ಏಳು ಬರೆದ್ರೆ ಅದರ ಹೊಟ್ಟೆಗೆ ಅಡ್ಡಗೀಟು ಹಾಕ್ತೀವಿ. ಮೂರನೇ ಹಾಳೆಯವರೆಗೆ ಎಲ್ಲ ಏಳಿಗೂ ಗೀಟಿದೆ. ನಾಲ್ಕರಿಂದ ಒಂದು ಸಾಲಿನಲ್ಲಿ ಗೀಟು ಇದೆ, ಮುಂದಿನ ಸಾಲಿನಲ್ಲಿ ಇಲ್ಲ. ಆರನೇ ಹಾಳೆಯಲ್ಲಿ "7 ಗಂಟೆ, ಜ್ವಾಲೆ ಚೆನ್ನಾಗಿದೆ, ಬೆಳಕೂ ಚೆನ್ನಾಗಿದೆ" ಅಂತಿದೆ. ಬೆಳಕು ಚೆನ್ನಾಗಿದೆ ಅಂತ ಬರೆಯೋಕೆ ನಾನು ಹೇಳಿರಲಿಲ್ಲ.

ಸಿಸ್ಟರ್ ಬೆನೆದಿಕ್ತಾ ಬರೆದದ್ದು ಅಂತ ಹೇಳಬೇಡ. ಅದು ಗಂಡಸಿನ ಕೈ. ಪೆನ್ಸಿಲನ್ನ ಗುದ್ದಲಿ ಹಿಡಿದ ಹಾಗೆ ಒತ್ತಿದ್ದಾನೆ, ಹಾಳೆಯ ಹಿಂದುಗಡೆಯಿಂದಲೂ ಓದಬಹುದು.

ನಾಲ್ಕು ನಾಲ್ಕು ಗಂಟೆ ಕೂತು ಬೇರೆಯವರ ಬತ್ತಿ ಕಾಯೋನು ಯಾರಪ್ಪಾ ಅಂತ ಯೋಚಿಸ್ತಿದ್ದೀನಿ, ಅಷ್ಟೇ.

ಮಾಂಯ್


ವಸಾಯಿ
8 ಅಕ್ಟೋಬರ್ 1988

ಮಾಂಯ್,

ತಡವಾಯ್ತು. ಹೆಸರು ಬಿಟ್ಟು ಮುದ್ದಿನಿಂದ ಬಾಯೆ ಅಂದಿದ್ದೀರಿ, ನೋಡಿದೆ. ಮುನ್ನೂರೂ ಹೊಯ್ದು ಮುಗಿಸಿದೆ. ಎಲ್ಲ ಹಾಸ್ಟೆಲಿನ ಮಂಚದ ಮೇಲೆ ಸಾಲಾಗಿ ಮಲಗಿವೆ.

ಗೀಟಿಲ್ಲದ ಆ ಏಳು ತರಕಾರಿಯವರದು. ಹಾಸ್ಟೆಲಿಗೆ ಬಾಳೆಕಾಯಿ, ಸೊಪ್ಪು ತರ್ತಾರೆ. ಅವತ್ತು ಮಳೆ ಜೋರಾಗಿತ್ತು, ಕೂತಿದ್ರು.

ಅಸುಂತಾ


ದಿವಾಡಿ
17 ಅಕ್ಟೋಬರ್ 1988

ಬಾಯೆ,

ಇದನ್ನ ಓದಿ ಗಾಬರಿಯಾಗಬೇಡ, ಮೊದಲು ಕೂತುಕೋ.

ನಿನ್ನೆ ಎವು ಹುಟ್ಟಿದ ದಿನ. ನಿನ್ನ ಮೇಣದಬತ್ತಿ ಒಂದು ಇಟ್ಟುಕೊಂಡಿದ್ದೆ, ಹೆಂಡತಿ ಮಾಡಿದ್ದು ಅಂತ ಅವನಿಗೆ ಹಚ್ಚೋಣ ಅಂತ ಸಂಜೆ ಸ್ಮಶಾನಕ್ಕೆ ಹೋದೆ. ಹಚ್ಚಿದೆ, ಆರಿತು. ಮತ್ತೆ ಹಚ್ಚಿದೆ, ನಾನು ಜಪ ಶುರುಮಾಡಿ 'ಪರಲೋಕದಲ್ಲಿರುವ' ಅನ್ನೋಷ್ಟರಲ್ಲಿ ಆರಿತು. ಮೂರನೇ ಸಲ ಆರಿದಾಗ ನನಗೆ ರೇಗಿತು. "ಏನೋ ನಿಂದು, ಅವಳ ಮೇಲೆ ಸಿಟ್ಟಾ? ಸಿಟ್ಟಿದ್ರೆ ನನ್ನ ಮೇಲೆ ಮಾಡ್ಕೋ, ಅವಳನ್ನ ಮನೆಯಿಂದ ಓಡಿಸಿದವಳು ನಾನು" ಅಂತ ಜೋರಾಗಿಯೇ ಬೈದೆ. ಗುಂಡಿ ತೋಡೋ ಪೆದ್ರು ಹುಲ್ಲು ಕೀಳ್ತಿದ್ದವನು ತಲೆಯೆತ್ತಿ, "ಬಾಯಿ, ಎವು ಏನೂ ಮಾಡಿಲ್ಲ, ನದಿ ಕಡೆಯಿಂದ ಗಾಳಿ" ಅಂದ.

ಗಾಳಿ, ಬಾಯೆ. ಕಿಟಕಿ ಮುಚ್ಚಿ ಕೂತು ಪರೀಕ್ಷೆ ಮಾಡು ಅಂತ ಬರೆದವಳು ನಾನು. ನಲವತ್ತು ವರ್ಷ ಇಗರ್ಜಿಯ ಒಳಗೆ ಉರಿಯೋ ಬತ್ತಿ ಮಾಡಿದವಳಿಗೆ ಬಯಲಿನ ನೆನಪೇ ಆಗಲಿಲ್ಲ. ನಿನ್ನ ಮುನ್ನೂರೂ ಸ್ಮಶಾನದಲ್ಲಿ ಹೀಗೇ ಆರ್ತವೆ. ತಪ್ಪು ನಂದು.

ಇನ್ನೂ ದಿನ ಇದೆ. ಎಲ್ಲ ಕರಗಿಸು. ಉದ್ದ ತೆಳ್ಳಗೆ ಬೇಡ, ಗಿಡ್ಡ ದಪ್ಪ ಮಾಡು, ಗೇಣಿಗಿಂತ ಸಣ್ಣದು. ಬಿದಿರಿನ ಗೆಣ್ಣು ಕತ್ತರಿಸಿ, ಎರಡು ಸೀಳು ಮಾಡಿ, ಒಳಗೆ ಎಣ್ಣೆ ಸವರಿ ದಾರ ಸುತ್ತಿದ್ರೆ ಅದೇ ಅಚ್ಚು. ಬತ್ತಿಗೆ ಇಪ್ಪತ್ತನಾಲ್ಕು ಎಳೆ, ಜ್ವಾಲೆ ಗಟ್ಟಿಯಾಗಲಿ. ಅಷ್ಟು ದಪ್ಪ ಮೈಗೆ ಆ ಬತ್ತಿಯೂ ಸಣ್ಣದೇ, ಉರೀತಾ ನಡುವೆ ಬಾವಿ ಬೀಳುತ್ತೆ. ಬೀಳಲಿ. ಆ ಬಾವಿಯ ಗೋಡೆ ಜ್ವಾಲೆಗೆ ಮರೆ. ನಾನು ತಪ್ಪು ಅಂದಿದ್ದೇ ಅಲ್ಲಿ ಸರಿ. ವಾರ ಕಾಯೋ ಹೊತ್ತಿಲ್ಲ, ಎರಡು ದಿನ ಬಿಟ್ಟು ಸಂಜೆ ಹೊತ್ತಿಗೆ ಆ ಸ್ಮಶಾನಕ್ಕೇ ತಗೊಂಡು ಹೋಗಿ ಉರಿಸಿ ನೋಡು. ನೆಲದ ಮೇಲೆ ಒಂದು, ಶಿಲುಬೆಯ ಪಕ್ಕ ಎತ್ತರದಲ್ಲಿ ಒಂದು. ಬಿದಿರು ಕತ್ತರಿಸೋಕೆ ತರಕಾರಿಯವನನ್ನ ಕರಿ, ತೋಟದವನ ಹತ್ತಿರ ಕತ್ತಿ ಇರುತ್ತೆ.

ಇನ್ನೊಂದು. ಎವು ಸತ್ತ ದಿನ, ಜ್ವರ ಇದ್ದವನು ತಾನಾಗಿಯೇ ಎದ್ದು ನದಿಯ ಸರಕಿನ ಬಾರ್ಜಿನ ಕೆಲಸಕ್ಕೆ ಹೋದ. ನೀನು ಕಳಿಸಲಿಲ್ಲ. ಅದು ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ, ತಿಂಗಳ ಪೂಜೆಗೆ ಬಂದ ಅಷ್ಟು ಜನರ ಮುಂದೆ ತಪ್ಪು ನಿನ್ನ ಮೇಲೆ ಹೊರಿಸಿ, ನಿನ್ನನ್ನ ಅಪ್ಪ ಅಮ್ಮ ಯಾರಂತ ಗೊತ್ತಿಲ್ಲದವಳು ಅಂದುಬಿಟ್ಟೆ. ನನ್ನ ನಾಲಗೆ ಸುಟ್ಟುಹೋಗಲಿ. ಕ್ಷಮಿಸು ಅಂತ ಕೇಳೋಕೆ ಎರಡು ವರ್ಷ ತಗೊಂಡೆ.

ಮಾಂಯ್


ವಸಾಯಿ
4 ನವೆಂಬರ್ 1988

ಮಾಂಯ್,

ಉರಿದ್ವು. ಮುನ್ನೂರರಲ್ಲಿ ಇನ್ನೂರ ಅರವತ್ತು ಆಯ್ತು, ಉಳಿದದ್ದಕ್ಕೆ ಮೇಣ ಸಾಲಲಿಲ್ಲ. ಸಮುದ್ರದ ಗಾಳಿ ಸರಿಯಾಗಿ ಬೀಸ್ತಿತ್ತು. ಮುಂಬಯಿಯಿಂದ ತಂದವರ ಬತ್ತಿಗಳು ಆರಿ ಆರಿ, ಜನ ನನ್ನವನ್ನ ಕೇಳಿಕೊಂಡು ಗೇಟಿಗೆ ವಾಪಸ್ ಬಂದ್ರು. ಕೊನೆಯ ಒಂದನ್ನ ಕೊಡಲಿಲ್ಲ. ಹೆಸರು ಅಳಿಸಿಹೋದ ಒಂದು ಸಮಾಧಿ ಇದೆ, ಅದರ ಮೇಲೆ ಎವುವಿನ ಹೆಸರು ಹೇಳಿ ಹಚ್ಚಿದೆ. ಕತ್ತಲಾಗೋವರೆಗೂ ಆರಲಿಲ್ಲ.

ನಿಮ್ಮ ಕಾಗದದ ಕೊನೆಯ ಭಾಗ ಓದಿ ಹಾಸ್ಟೆಲಿನ ಅಡಿಗೆಮನೆಯಲ್ಲಿ ಅತ್ತೆ. ಸಾರು ಸೀದು ಹೋಯ್ತು. ನಾಲಗೆ ಸುಡೋ ಮಾತು ಬೇಡ, ನನ್ನನ್ನ ಬೈಯೋಕೆ ಅದು ಬೇಕು.

ತರಕಾರಿಯವರ ಹೆಸರು ಇನಾಸ್ ತುಸ್ಕಾನೊ. ಹೆಂಡತಿ ತೀರಿ ಆರು ವರ್ಷ. ಮಕ್ಕಳಿಲ್ಲ. ಬಿದಿರೆಲ್ಲ ಅವರೇ ಕತ್ತರಿಸಿದ್ರು. ಹತ್ತು ದಿನ ತೋಟ ಬಿಟ್ಟು ಮೇಣ ಹೊಯ್ದರು, ಕೈಯೆಲ್ಲ ಬೊಬ್ಬೆ. ನನ್ನನ್ನ ಮದುವೆಯಾಗ್ತೀಯಾ ಅಂತ ಕೇಳಿದ್ದಾರೆ. ಜನವರಿ ಎಂಟು ಅಂತ ಅವರ ಮನಸ್ಸಲ್ಲಿದೆ.

ನಾನು ಹೂಂ ಅಂದಿಲ್ಲ. ಅವರ ಅಕ್ಕ ಬಂದು, "ಹೆಣ್ಣಿನ ಮನೆ ಎಲ್ಲಿ, ಮದುವೆಗೆ ಮುಂಚೆ ನಿಮ್ಮ ಕಡೆ ಸತ್ತವರ ಹೆಸರಲ್ಲಿ ಭಿಕ್ಷುಕರಿಗೆ ಊಟ ಹಾಕೋರು ಯಾರು" ಅಂತ ಕೇಳಿದ್ರು. ಕೆಟ್ಟ ಮನಸ್ಸಿನಿಂದಲ್ಲ, ಪದ್ಧತಿ ಅಂತ ಕೇಳಿದ್ದು. ನಾನು ಚಹಾ ಮಾಡ್ತೀನಿ ಅಂತ ಒಳಗೆ ಹೋದೆ.

ಮಾಂಯ್, ನನಗೆ ಅವರು ಇಷ್ಟ. ಮುಚ್ಚಿಡಲ್ಲ. ಆದ್ರೆ ಬೇರೆಯವರ ಹೆಂಡತಿಯಾದ ಮೇಲೆ ನಾನು ನಿಮಗೆ ಏನಾಗ್ತೀನಿ? ನೀವು ಈಗ ತಾನೇ ಸಿಕ್ಕಿದ್ದೀರಿ. ನಿಮ್ಮನ್ನ ಕಳಕೊಂಡು ನನಗೆ ಮದುವೆ ಬೇಡ. ನೀವು ಬೇಡ ಅಂದ್ರೆ ಬೇಡ, ಬೇಜಾರಿಲ್ಲ.

ನಿಮ್ಮ ಅಸುಂತಾ


ವಸಾಯಿ
25 ನವೆಂಬರ್ 1988

ಮಾಂಯ್,

ಮೂರು ವಾರ ಆಯ್ತು. ದಿನಾ ಟಪಾಲಿನವನು ಬರೋ ಹೊತ್ತಿಗೆ ಗೇಟಿನಲ್ಲಿ ನಿಲ್ತೀನಿ. ಅವನೇ ದೂರದಿಂದ ಕೈಯಾಡಿಸಿ ಇಲ್ಲ ಅಂತಾನೆ.

ನೀವು ಸುಮ್ಮನಿರೋದೇ ಉತ್ತರ ಅಂತ ತಿಳ್ಕೊಳ್ತೀನಿ. ಇನಾಸ್‌ಗೆ ಡಿಸೆಂಬರ್ ನಾಲ್ಕರ ಭಾನುವಾರ ಪೂಜೆಯಾದ ಮೇಲೆ ಆಗಲ್ಲ ಅಂತ ಹೇಳ್ತೀನಿ. ನನ್ನ ಮೇಲೆ ಸಿಟ್ಟಾಗಬೇಡಿ. ಕ್ರಿಸ್ಮಸ್ಸಿಗೆ ನಿಮಗೆ ಒಂದು ಡಜನ್ ಕಳಿಸ್ತೀನಿ, ಒಳಗೆ ಉರಿಸೋದು.

ಅಸುಂತಾ


ದಿವಾಡಿ
26 ನವೆಂಬರ್ 1988

ಮಗಳೇ,

ನಿನ್ನ ಕಾಗದ ಬಂದು ಹದಿನೈದು ದಿನ ಆಯ್ತು. ಎರಡು ದಿನ ಅತ್ತೆ, ಸುಳ್ಳು ಹೇಳಲ್ಲ. ಎವುವಿನ ಅಂಗಿಗಳನ್ನ ತೆಗೆದು ಮಡಚಿ ಮತ್ತೆ ಒಳಗಿಟ್ಟೆ. ಮೂರನೇ ದಿನ ಎದ್ದು ಪಾದ್ರಿ ಹತ್ತಿರ ಹೋದೆ. ಜನವರಿ ಎಂಟಕ್ಕೆ ಮದುವೆ ಇದೆ, ಬರಕೊಳ್ಳಿ ಅಂದೆ. ಅವರು ದೊಡ್ಡ ಪುಸ್ತಕ ತೆಗೆದು, "ಹೆಣ್ಣಿನ ಮನೆ?" ಅಂದ್ರು. "ನಂದೇ" ಅಂದೆ. ಕನ್ನಡಕದ ಮೇಲಿಂದ ನೋಡಿದ್ರು. ನಾನೂ ನೋಡಿದೆ. ಬರಕೊಂಡ್ರು.

ಕ್ರಿಸ್ಮಸ್ಸಿಗೆ ಮುಂಚಿನ ವ್ರತದ ಕಾಲ, ಅದ್ವೆಂತ್, ಶುರುವಾದ್ರೆ ಊಟ ಹಾಕೋ ಹಾಗಿಲ್ಲ, ಅದಕ್ಕೆ ಮೊದಲು ಆ ಕೆಲಸ ಮುಗಿಸಿ ಆಮೇಲೆ ನಿನಗೆ ಬರೆಯೋಣ ಅಂದ್ಕೊಂಡೆ. ಅದಕ್ಕೇ ತಡ. ಕಾದು ಕಾದು ನನ್ನನ್ನ ಬೈದಿರ್ತೀಯ, ಬೈಯಿ.

ಮೊನ್ನೆ ಗುರುವಾರ ಭಿಕ್ಷುಕರ ಊಟ ಹಾಕಿದೆ. ಐದು ಜನ. ಕಳ್ಳು ಬೆರೆಸಿ ಹಬೆಯಲ್ಲಿ ಬೇಯಿಸಿದ ಅಕ್ಕಿ ಸನ್ನಣ, ಒಣಸೀಗಡಿಯ ಸಾರು, ಕಡಲೆಬೇಳೆ ಪಾಯಸ, ಗಂಡಸರಿಗೆ ಒಂದೊಂದು ಲೋಟ ಫೆನಿ. ಎವು ಹೆಸರಿನ ಎಲೆಗೆ ಇಗರ್ಜಿ ಮೆಟ್ಟಿಲಿನ ಸಾಂತಾನನನ್ನ ಕೂರಿಸಿದೆ. ಆ ಎಲೆಗೆ ಕೂತವನ ಬಾಯಿಂದ ಸತ್ತವನೇ ಉಣ್ತಾನೆ ಅಂತ ತಾನೇ ನಮ್ಮ ಲೆಕ್ಕ. ಅವನಿಗೆ ಅದೆಲ್ಲ ಚೆನ್ನಾಗಿ ಗೊತ್ತು, ಹತ್ತು ಮದುವೆಯಲ್ಲಿ ಉಂಡವನು. ಕೈ ತೊಳೆದು ಕೂತು ಕೇಳಿದ:

"ಯಾರ ಮದುವೆ, ಬಾಯಿ?"

"ನನ್ನ ಮಗಳದು."

"ಯಾರ ಹೆಸರಿನ ಊಟ?"

"ಅವಳ ಗಂಡನ ಹೆಸರಿಂದು."

ಎತ್ತಿದ ತುತ್ತು ಅಲ್ಲೇ ನಿಂತಿತು. ಮಿಕ್ಕ ನಾಲ್ವರೂ ನನ್ನನ್ನೇ ನೋಡಿದ್ರು. ನಾನು ಅವನ ಎಲೆಗೆ ಇನ್ನೊಂದು ಸನ್ನಣ ಹಾಕಿದೆ. ಅವನು ತಲೆ ಬಗ್ಗಿಸಿ ಉಂಡ. ಎರಡು ಸಲ ಸಾರು ಹಾಕಿಸಿಕೊಂಡ, ಪಾಯಸಕ್ಕೆ ಬೆಲ್ಲ ಸಾಲದು ಅಂದ. ಎವು ಕೂಡ ಯಾವಾಗಲೂ ಹಾಗೇ ಅಂತಿದ್ದ. ಎಲೆ ಮಡಚಿ, ಎದ್ದು ನಿಂತು, ನನ್ನ ತಲೆ ಮೇಲೆ ಕೈಯಿಟ್ಟ.

"ನನಗೆ ಹೊಟ್ಟೆ ತುಂಬಿತು, ಮಾಂಯ್" ಅಂದ. "ಅವಳನ್ನ ಚೆನ್ನಾಗಿ ಮದುವೆ ಮಾಡಿ ಕಳಿಸು."

ನಿನ್ನ ಮಾಂಯ್